ಒಂಬತ್ತು ವರ್ಷದ ಮಗುವಿಗೆ ಆಗುವಂಥದ್ದು ದೊಡ್ಡವರ ವಿಷಯ ಹೇಗಾಗುತ್ತದೆ?

ಮನೆಮಂದಿಯೆಲ್ಲ ಕೂತು ನೋಡುವ ಅನಿಮೇಷನ್ ಸಿನಿಮಾ ಮಾಡುವ ಸ್ಟುಡಿಯೋಗಳ ಮುಖ್ಯಸ್ಥರಿಗೆ, ನಿರ್ದೇಶಕರಿಗೆ, ಕಥೆ ಬರೆಯುವವರಿಗೆ, ಆ ಸಿನಿಮಾಗಳಿಗೆ ವಯಸ್ಸಿನ ಸರ್ಟಿಫಿಕೇಟ್ ಕೊಡುವ ಮಂಡಳಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಆರನೇ, ಏಳನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಸಿನಿಮಾ ಕ್ಷೇತ್ರಕ್ಕೂ ನನಗೂ ಸಂಬಂಧವಿಲ್ಲ. ಆದರೆ ನೀವು ಯಾರಿಗೆಂದು ಸಿನಿಮಾ ಮಾಡುತ್ತೀರೋ ಅದೇ ಮಕ್ಕಳ ಜೊತೆ ನನ್ನ ದಿನದ ಹೆಚ್ಚು ಹೊತ್ತು ಕಳೆಯುತ್ತದೆ. ಅವರು ಏನು ಕೇಳುತ್ತಾರೆ, ಏನನ್ನು ಕೇಳಲಾಗದೆ ನುಂಗಿಕೊಳ್ಳುತ್ತಾರೆ ಅನ್ನುವುದು ಸ್ವಲ್ಪ ಗೊತ್ತು. ಅಷ್ಟರ ಬಲದ ಮೇಲೆ ಈ ಪತ್ರ.

ಆಗಾಗ ಒಂದೇ ಜಗಳ ಮತ್ತೆ ಮತ್ತೆ ಏಳುತ್ತದೆ. ಯಾವುದೋ ಒಂದು ಕಾರ್ಟೂನ್ ಸಿನಿಮಾದಲ್ಲಿ ಹುಡುಗಿಯೊಬ್ಬಳ ಮುಟ್ಟಿನ ಮಾತು ಬರುತ್ತದೆ. ಇಲ್ಲವೇ ಅವಳಿಗೆ ಯಾವನೋ ಹುಡುಗನ ಮೇಲೆ ಮನಸ್ಸಾಗುತ್ತದೆ. ತಕ್ಷಣ ಒಂದು ಗುಂಪು 'ಮಕ್ಕಳ ಸಿನಿಮಾದಲ್ಲಿ ಇದೆಲ್ಲ ಬೇಕಿತ್ತಾ?' ಅನ್ನುತ್ತದೆ. ಇನ್ನೊಂದು ಗುಂಪು 'ನೀವಿನ್ನೂ ಯಾವ ಕಾಲದಲ್ಲಿದ್ದೀರಿ?' ಅಂತ ರೇಗುತ್ತದೆ. ಸ್ವಲ್ಪ ದಿನ ಕೂಗಾಟ, ಆಮೇಲೆ ಎಲ್ಲರೂ ತಣ್ಣಗಾಗುತ್ತಾರೆ. ಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ.

2022ರಲ್ಲಿ ಪಿಕ್ಸಾರ್‌ನ 'ಟರ್ನಿಂಗ್ ರೆಡ್' ಬಂದಾಗ ಆದದ್ದೂ ಇದೇ. ಡೋಮಿ ಶಿ ನಿರ್ದೇಶಿಸಿದ ಸಿನಿಮಾ. ಮೇ ಎಂಬ ಹದಿಮೂರರ ಹುಡುಗಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡ ಕೆಂಪು ಪಾಂಡಾ ಆಗಿದ್ದಾಳೆ. ಮೈತುಂಬ ಕೂದಲು, ಮೈಯೆಲ್ಲ ವಾಸನೆ. ಬಾತ್‌ರೂಮಿಗೆ ಓಡಿ ಬಚ್ಚಿಟ್ಟುಕೊಳ್ಳುತ್ತಾಳೆ. ಹೊರಗೆ ಅಮ್ಮ ಬಾಗಿಲು ತಟ್ಟುತ್ತಾಳೆ. ಮಗಳಿಗೆ ಮೊದಲ ಸಲ ಮುಟ್ಟಾಗಿದೆ ಅಂತ ಅವಳ ಲೆಕ್ಕ. ಪ್ಯಾಡಿನ ಪೊಟ್ಟಣಗಳು, ನೋವಿನ ಮಾತ್ರೆ, ಬಿಸಿನೀರಿನ ಚೀಲ, ಎಲ್ಲ ಹೊತ್ತುಕೊಂಡು ಒಳಗೇ ಬಂದುಬಿಡುತ್ತಾಳೆ. ಪರದೆಯ ಆ ಕಡೆ ಮಗಳು ಪ್ರಾಣಿಯಾಗಿ ನಡುಗುತ್ತಾ ಕೂತಿದ್ದಾಳೆ. ಈ ಕಡೆ ಅಮ್ಮ ಪ್ರೀತಿ, ಗಾಬರಿ ಎರಡೂ ತುಂಬಿಕೊಂಡು ಒಂದೇ ಸಮನೆ ಮಾತಾಡುತ್ತಿದ್ದಾಳೆ. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ, ಇಬ್ಬರಿಗೂ ಅದು ಗೊತ್ತಿಲ್ಲ. ಆಮೇಲೆ ಅಮ್ಮ ಶಾಲೆಗೂ ಬರುತ್ತಾಳೆ. ಕಿಟಕಿಯಾಚೆ ನಿಂತು, ಇಡೀ ಕ್ಲಾಸಿಗೆ ಕಾಣುವ ಹಾಗೆ ಪ್ಯಾಡಿನ ಪೊಟ್ಟಣ ಎತ್ತಿ ತೋರಿಸುತ್ತಾಳೆ. ಆ ಹುಡುಗಿಗೆ ಆಗುವ ಅವಮಾನ ಇದೆಯಲ್ಲ, ಅದನ್ನು ಹದಿಮೂರು ದಾಟಿದ ಯಾರಿಗೂ ವಿವರಿಸಬೇಕಿಲ್ಲ.

ಇಡೀ ಸಿನಿಮಾದಲ್ಲಿ ಪ್ಯಾಡ್ ಕಾಣುವುದು ಕೆಲವೇ ನಿಮಿಷ. ಜಗಳ ಮಾತ್ರ ಅದರ ಹತ್ತು ಪಟ್ಟು. ಇದು ಮಕ್ಕಳಿಗೆ ಸಲ್ಲದ ವಿಷಯ, ಅವರ ಮುಗ್ಧತೆ ಹಾಳಾಗುತ್ತದೆ, ಇದನ್ನು ಹೇಳಬೇಕಾದವರು ಅಪ್ಪ ಅಮ್ಮ, ಹೀಗೆಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಷಯಗಳು ನಿಮ್ಮ ಸಿನಿಮಾದಲ್ಲಿ ಬರಬೇಕು. ಹೇಗೆ ಬರಬೇಕು ಅನ್ನುವುದರ ಬಗ್ಗೆ ನನಗೂ ತಕರಾರುಗಳಿವೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಬರಲೇಬಾರದು ಅನ್ನುವವರು ಮಕ್ಕಳ ವಯಸ್ಸನ್ನು ಸರಿಯಾಗಿ ಎಣಿಸಿಲ್ಲ.

ಹೆಣ್ಣುಮಕ್ಕಳಲ್ಲಿ ಹರೆಯದ ಬದಲಾವಣೆ 8ರಿಂದ 13 ವರ್ಷದೊಳಗೆ ಯಾವಾಗ ಶುರುವಾದರೂ ವೈದ್ಯರು ಸಹಜ ಅನ್ನುತ್ತಾರೆ. ಹುಡುಗರಲ್ಲಿ 9ರಿಂದ 14. ಹುಡುಗಿಯರಿಗೆ ಸಾಮಾನ್ಯವಾಗಿ ಮೊದಲು ಕಾಣಿಸುವುದು ಎದೆಯಲ್ಲಿ ಒಂದು ಚಿಕ್ಕ ಗಂಟು. ಎಷ್ಟೋ ಸಲ ಒಂದೇ ಪಕ್ಕದಲ್ಲಿ ಬರುತ್ತದೆ, ಇನ್ನೊಂದು ಪಕ್ಕಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಟ್ಟು ಶುರುವಾಗುವುದು ಅಲ್ಲಿಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಅಂದರೆ ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಕೂತಿರುವ ಮಗುವಿನ ಮೈಯಲ್ಲಿ ಈ ಕೆಲಸ ಶುರುವಾಗಿರಬಹುದು. ನಿಮ್ಮ ಪೋಸ್ಟರಿನ ಮುಂದೆ ನಿಂತು 'ಅಪ್ಪ, ಇದಕ್ಕೆ ಹೋಗೋಣ' ಅಂತ ಕೈ ಹಿಡಿದು ಎಳೆಯುವ ಮಗು ಅದೇ.

ನನ್ನ ಕ್ಲಾಸಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಮಕ್ಕಳು ಹೆಸರು ಬರೆಯದೆ ಪ್ರಶ್ನೆ ಬರೆದು ಹಾಕಬಹುದು. ಆ ಚೀಟಿಗಳನ್ನು ನೀವು ಕೈಯಲ್ಲಿ ಹಿಡಿದು ನೋಡಬೇಕು. ಬೆರಳುಗುರಿನಷ್ಟು ಆಗುವವರೆಗೆ ಮಡಚಿರುತ್ತಾರೆ. ಅಕ್ಷರ ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದಿರುತ್ತಾರೆ. ಗೆರೆಗಳು ಸೊಟ್ಟಗೆ, ಪೆನ್ನು ಒತ್ತಿ ಒತ್ತಿ ಕಾಗದ ತೂತಾಗಿರುತ್ತದೆ. ಒಳಗೆ ಒಂದು ಸಾಲು. 'ಒಂದೇ ಕಡೆ ಗಂಟು ಬಂದಿದೆ, ಕ್ಯಾನ್ಸರಾ?' ಇನ್ನೊಂದರಲ್ಲಿ, 'ಎಲ್ಲರಿಗೂ ಆಯ್ತು, ನನಗೆ ಮಾತ್ರ ಯಾಕೆ ಆಗಿಲ್ಲ?' ಮತ್ತೊಂದರಲ್ಲಿ, 'ನನ್ನ ವಾಯ್ಸ್ ಯಾವಾಗ ಸರಿಹೋಗುತ್ತೆ?' ಇವರಲ್ಲಿ ಯಾರ ಮುಗ್ಧತೆಯೂ ಸಿನಿಮಾ ನೋಡಿ ಹಾಳಾದದ್ದಲ್ಲ. ಅವರವರ ಮೈಯೇ ಅವರನ್ನು ಎಬ್ಬಿಸಿ ಕೂರಿಸಿದೆ. ಅವರಿಗೆ ಗೊತ್ತಿಲ್ಲದೆ ಇರುವುದು ಒಂದೇ: ಇದು ಎಲ್ಲರಿಗೂ ಆಗುವಂಥದ್ದು ಅನ್ನುವುದು.

ಇನ್ನು ನಿಮ್ಮ ಹಳೆಯ ಸಿನಿಮಾಗಳಲ್ಲಿ ಗಂಭೀರ ವಿಷಯಗಳೇ ಇರಲಿಲ್ಲವೇ? 1942ರ 'ಬ್ಯಾಂಬಿ'ಯಲ್ಲಿ ಬೇಟೆಗಾರರ ಗುಂಡಿಗೆ ಜಿಂಕೆ ಮರಿಯ ತಾಯಿ ಸಾಯುತ್ತಾಳೆ. 1994ರ 'ದಿ ಲಯನ್ ಕಿಂಗ್'ನಲ್ಲಿ ಚಿಕ್ಕಪ್ಪನೇ ಅಣ್ಣನನ್ನು ಕೊಂದು, ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತಾನೆ. 2003ರ 'ಫೈಂಡಿಂಗ್ ನೀಮೋ' ಶುರುವಾಗುವುದೇ ತಾಯಿ ಮೀನೂ ನೂರಾರು ಮೊಟ್ಟೆಗಳೂ ಒಂದೇ ಏಟಿಗೆ ಇಲ್ಲವಾಗುವುದರಿಂದ. ಮೂರಕ್ಕೂ ಅಮೆರಿಕದಲ್ಲಿ ಜಿ ಸರ್ಟಿಫಿಕೇಟ್, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ನಾನು ಇದನ್ನು ತಪ್ಪು ಅನ್ನುತ್ತಿಲ್ಲ. ಸಾವನ್ನು ಮಕ್ಕಳ ಮುಂದೆ ಇಡುವ ಧೈರ್ಯ ನಿಮಗಿತ್ತು, ಅದಕ್ಕೇ ಆ ಸಿನಿಮಾಗಳು ಉಳಿದಿವೆ. ಮಕ್ಕಳು ಅತ್ತರು, ಪ್ರಶ್ನೆ ಕೇಳಿದರು, ಅಪ್ಪ ಅಮ್ಮ ತೋಚಿದ್ದು ಹೇಳಿದರು. ಯಾರೂ ಕೆಡಲಿಲ್ಲ.

ಪ್ರೀತಿ, ಮದುವೆಗಳ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. 1959ರ 'ಸ್ಲೀಪಿಂಗ್ ಬ್ಯೂಟಿ'ಯ ರಾಜಕುಮಾರಿ ತನ್ನ ಹದಿನಾರನೇ ಹುಟ್ಟುಹಬ್ಬದ ದಿನ ಕಾಡಿನಲ್ಲಿ ಸಿಕ್ಕ ಯುವಕನಿಗೆ ಮನಸ್ಸು ಕೊಡುತ್ತಾಳೆ. 1989ರ 'ದಿ ಲಿಟಲ್ ಮರ್ಮೇಡ್'ನ ಏರಿಯಲ್‌ಗೂ ಹದಿನಾರು. ನಾನೇನು ಮಗುವಲ್ಲ ಅಂತ ಅಪ್ಪನ ಜೊತೆ ಜಗಳ ಆಡುತ್ತಾಳೆ, ನೋಡಿ ಮರುಳಾದವನಿಗಾಗಿ ದನಿಯನ್ನೇ ಮಾರುತ್ತಾಳೆ, ಕೊನೆಯಲ್ಲಿ ಮದುವೆಯೂ ಆಗುತ್ತದೆ. ಇದನ್ನೆಲ್ಲ ನಾಲ್ಕು ವರ್ಷದ ಮಕ್ಕಳಿಗೆ ತೋರಿಸಿ ಅದೇ ಗೌನು ತೊಡಿಸಿ ಫೋಟೋ ತೆಗೆದೆವು. ಹದಿನಾರರ ಹುಡುಗಿಗೆ ಮದುವೆ ಮಾಡಿಸಿದರೆ ಕುಟುಂಬದ ಸಿನಿಮಾ. ಹದಿಮೂರರ ಹುಡುಗಿಗೆ ಅಮ್ಮ ಪ್ಯಾಡ್ ತಂದುಕೊಟ್ಟರೆ 'ಇದೆಲ್ಲ ಬೇಕಿತ್ತಾ?'

ಹಾಗಾಗಿ ಜಗಳ ಗಂಭೀರ ವಿಷಯದ ಬಗ್ಗೆ ಅಲ್ಲವೇ ಅಲ್ಲ. ಮೈಯ ಬಗ್ಗೆ.

ಇನ್ನೊಂದು ಗಮನಿಸಿದ್ದೀರಾ? ನಿಮ್ಮ ಕಥೆಗಳಲ್ಲಿ ಬಾಲ್ಯ ಇದೆ, ಯೌವನ ಇದೆ. ನಡುವಿನ ವರ್ಷಗಳೇ ಇಲ್ಲ. 'ಲಯನ್ ಕಿಂಗ್'ನ ಸಿಂಬಾ ಮರಿಯಾಗಿ ಮರದ ದಿಮ್ಮಿ ಹತ್ತುತ್ತಾನೆ, ತಲೆ ಅಲ್ಲಾಡಿಸುತ್ತಾ ನಡೆಯುತ್ತಾನೆ, ಹಾಡು ಮುಗಿಯುವಷ್ಟರಲ್ಲಿ ಕೇಸರ ತುಂಬಿದ ಗಂಡು ಸಿಂಹ. ಬ್ಯಾಂಬಿಗೆ ಒಂದು ಚಳಿಗಾಲ ಕಳೆದರೆ ಸಾಕು, ಕೊಂಬು ಬಂದಿರುತ್ತದೆ, ಎದುರಿಗೆ ಹೆಣ್ಣು ಜಿಂಕೆಯೂ ಬಂದಿರುತ್ತದೆ. ದನಿ ಒಡೆದದ್ದು ಯಾವಾಗ, ಕೇಸರ ಒಂದೊಂದೇ ಎಳೆ ಮೊಳೆತು ಕನ್ನಡಿಯಲ್ಲಿ ವಿಚಿತ್ರವಾಗಿ ಕಂಡದ್ದು ಯಾವಾಗ, ಗೊತ್ತಾಗುವುದಿಲ್ಲ. ನನ್ನ ಕ್ಲಾಸಿನ ಮಕ್ಕಳು ನೀವು ಹಾರಿಸಿಬಿಟ್ಟ ಅದೇ ಜಾಗದಲ್ಲಿ ಬದುಕುತ್ತಿದ್ದಾರೆ. ಅವರ ಪಾಲಿಗೆ ಆ ಹಾಡು ಮೂರು ನಿಮಿಷದಲ್ಲಿ ಮುಗಿಯುವುದಿಲ್ಲ. ಐದಾರು ವರ್ಷ ನಡೆಯುತ್ತದೆ.

ಅನಿಮೇಷನ್‌ಗೂ ಈ ವಿಷಯಕ್ಕೂ ಆಗಿಬರುವುದಿಲ್ಲ ಅನ್ನುವ ವಾದವೂ ಇದೆ. ಹಾಗೆ ಹೇಳುವವರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು. 1946ರಲ್ಲೇ ಡಿಸ್ನಿ ಸಂಸ್ಥೆ 'ದಿ ಸ್ಟೋರಿ ಆಫ್ ಮೆನ್‌ಸ್ಟ್ರುವೇಷನ್' ಎಂಬ ಹತ್ತು ನಿಮಿಷದ ಕಾರ್ಟೂನ್ ಚಿತ್ರ ಮಾಡಿತ್ತು. ದುಡ್ಡು ಹಾಕಿದ್ದು ಪ್ಯಾಡ್ ತಯಾರಿಸುವ ಕಂಪನಿ. ಅಮೆರಿಕದ ಶಾಲೆಗಳಲ್ಲಿ ಅದನ್ನು ವರ್ಷಗಟ್ಟಲೆ ತೋರಿಸಿದರು. 10 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ನೋಡಿದರು ಎಂಬ ಅಂದಾಜಿದೆ. 2015ರಲ್ಲಿ ಆ ದೇಶದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೂ ಅದು ಸೇರಿತು. ಮೆದುಳಿನ ಬುಡದ ಗ್ರಂಥಿಯಿಂದ ಹಿಡಿದು ಗರ್ಭಕೋಶದವರೆಗೆ ಗೆರೆ ಎಳೆದು ಅಚ್ಚುಕಟ್ಟಾಗಿ ವಿವರಿಸುತ್ತದೆ, ಮುಟ್ಟಿನ ದಿನ ಸ್ನಾನ ಮಾಡಬಹುದು, ಓಡಾಡಬಹುದು ಅನ್ನುತ್ತದೆ. ಆ ಕಾಲಕ್ಕೆ ದೊಡ್ಡ ಮಾತು. ಒಂದೇ ಒಂದು ಕಡೆ ಕೈ ನಡುಗಿದೆ. ಒಸರುವ ರಕ್ತವನ್ನು ಕೆಂಪಾಗಿ ತೋರಿಸಿಲ್ಲ, ಬೆಳ್ಳಗೆ ತೋರಿಸಿದ್ದಾರೆ. ಬಣ್ಣ ಬಳಿಯುವುದೇ ಕಸುಬಾಗಿದ್ದ ಜನ ಆ ಒಂದು ಬಣ್ಣಕ್ಕೆ ಹೆದರಿದರು! ಅಲ್ಲಿಂದ ಎಪ್ಪತ್ತಾರು ವರ್ಷಕ್ಕೆ ಬಂದ ಪಿಕ್ಸಾರ್ ಸಿನಿಮಾದ ಹೆಸರಲ್ಲೇ ಕೆಂಪು ಇದೆ.

ಜಪಾನಿನಲ್ಲಿ 1991ರಲ್ಲಿ ಇಸಾವೋ ತಕಾಹತಾ 'ಓನ್ಲಿ ಯೆಸ್ಟರ್‌ಡೇ' ಮಾಡಿದರು. ಇಪ್ಪತ್ತೇಳರ ಹೆಂಗಸೊಬ್ಬಳು ತನ್ನ ಐದನೇ ಕ್ಲಾಸಿನ ದಿನಗಳನ್ನು ನೆನೆಯುವ ಕಥೆ. ಅದರಲ್ಲಿ ಹುಡುಗಿಯರನ್ನು ಮಾತ್ರ ಕೂರಿಸಿಕೊಂಡು ಮುಟ್ಟಿನ ಪಾಠ ಮಾಡುತ್ತಾರೆ. ಸುದ್ದಿ ಹುಡುಗರಿಗೆ ತಲುಪುತ್ತದೆ. ಅಲ್ಲಿಂದ ಚೇಷ್ಟೆ ಶುರು. ಆಟದ ಪೀರಿಯಡ್‌ನಲ್ಲಿ ಆಡದೆ ಪಕ್ಕಕ್ಕೆ ಕೂತವಳ ಕಡೆ ಎಲ್ಲರ ಕಣ್ಣು. ಕಥೆಯ ಹುಡುಗಿಗೆ ಆಗಿರುವುದು ಬರೀ ನೆಗಡಿ ಜ್ವರ, ಆದರೂ ಪಕ್ಕಕ್ಕೆ ಕೂತರೆ ಎಲ್ಲರೂ ಏನಂದುಕೊಳ್ಳುತ್ತಾರೋ ಅಂತ ಅವಳಿಗೆ ಪೀಕಲಾಟ. ಈ ದೃಶ್ಯ ಬರೆದವರು ಯಾವುದೋ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದಾರೆ ಅನ್ನಿಸುತ್ತದೆ. ಹುಡುಗಿಯರನ್ನು ಬೇರೆ ಕೂರಿಸಿ ಪಿಸುಗುಟ್ಟಿದರೆ ಏನಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿಲ್ಲ. ಆ ವರ್ಷ ಜಪಾನಿನಲ್ಲಿ ಅತಿ ಹೆಚ್ಚು ಗಳಿಸಿದ ಜಪಾನಿ ಸಿನಿಮಾ ಅದೇ. ಅಮೆರಿಕದ ಥಿಯೇಟರುಗಳಿಗೆ ಬರಲು ಮಾತ್ರ 2016 ಆಗಬೇಕಾಯಿತು.

ನನ್ನನ್ನು ಕೇಳಿದರೆ, ಈ ವಿಷಯ ಹೇಳಲು ಅನಿಮೇಷನ್‌ನಷ್ಟು ಹೊಂದುವ ಮಾಧ್ಯಮ ಬೇರೆ ಇಲ್ಲ. ನಿಜವಾದ ನಟರನ್ನು ಇಟ್ಟುಕೊಂಡು ಹರೆಯದ ಸಿನಿಮಾ ಮಾಡಬೇಕಾದರೆ ಒಂದು ನಿಜವಾದ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಬೇಕು. ಅದರ ಮೊಡವೆ, ಅದರ ಬೆವರು, ಅದರ ನಾಚಿಕೆ ಜಗತ್ತಿಗೆಲ್ಲ ಕಾಣುತ್ತದೆ. ಸಿನಿಮಾ ಮುಗಿದ ಮೇಲೂ ಆ ಮಗು ಶಾಲೆಗೆ ಹೋಗಬೇಕಲ್ಲ. ಚಿತ್ರದಲ್ಲಿ ಬರೆದ ಹುಡುಗಿಗೆ ಆ ಕಷ್ಟವಿಲ್ಲ. ಯಾವ ಮಗುವಿನ ಮೈಯನ್ನೂ ತೋರಿಸದೆ ಎಲ್ಲ ಮಕ್ಕಳ ಮೈಯ ಬಗ್ಗೆ ಮಾತಾಡಬಹುದು. ಜೊತೆಗೆ, ಹರೆಯದಲ್ಲಿ ಒಳಗೆ ಅನ್ನಿಸುವುದನ್ನು ಇದ್ದ ಹಾಗೆ ತೋರಿಸಿದರೆ ಅದು ನಿಜವಾಗಿ ಕಾಣುವುದೇ ಇಲ್ಲ. ಮೂಗಿನ ಮೇಲಿನ ಒಂದು ಮೊಡವೆ ಆ ಬೆಳಿಗ್ಗೆ ಮುಖದಷ್ಟೇ ದೊಡ್ಡದಾಗಿರುತ್ತದೆ. ಅದನ್ನು ಹಾಗೇ ಬರೆಯುವ ಸ್ವಾತಂತ್ರ್ಯ ನಿಮಗಿದೆ, ಕ್ಯಾಮೆರಾಗೆ ಇಲ್ಲ.

2024ರ 'ಇನ್‌ಸೈಡ್ ಔಟ್ 2' ಇದನ್ನು ಚೆನ್ನಾಗಿ ಬಳಸಿಕೊಂಡಿತು. ರೈಲಿ ಎಂಬ ಹುಡುಗಿಗೆ ಹದಿಮೂರು ತುಂಬುತ್ತದೆ. ಅವಳ ತಲೆಯೊಳಗಿನ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬಡಿದುಕೊಳ್ಳುತ್ತದೆ, ಕೆಲಸಗಾರರು ನುಗ್ಗಿ ಎಲ್ಲ ಒಡೆದು ಹಾಕುತ್ತಾರೆ. ಮಾರನೇ ದಿನ ಯಾವ ಬಟನ್ ಮುಟ್ಟಿದರೂ ಹುಡುಗಿ ಕಿರುಚುತ್ತಾಳೆ ಇಲ್ಲವೇ ಅಳುತ್ತಾಳೆ. ಆಮೇಲೆ ಆತಂಕ, ಹೊಟ್ಟೆಕಿಚ್ಚು, ಮುಜುಗರ, ಬೇಸರ ಎಂಬ ಹೊಸಬರು ಬಂದು ಕೂರುತ್ತಾರೆ. ಒಂದು ಕಡೆ ಹಾಕಿ ಆಟದ ನಡುವೆ ರೈಲಿಗೆ ಉಸಿರೇ ಸಿಗುವುದಿಲ್ಲ. ಒಳಗೆ ಆತಂಕ ಎಂಬ ಕಿತ್ತಳೆ ಬಣ್ಣದ ಪಾತ್ರ ಕಂಟ್ರೋಲ್ ಬಿಡಲಾಗದೆ ಸುಂಟರಗಾಳಿಯಾಗಿ ಸುತ್ತುತ್ತಿದೆ. ಸುಂಟರಗಾಳಿಯ ನಡುವೆ ಅದು ಅಲ್ಲಾಡದೆ ನಿಂತಿದೆ, ಕಣ್ಣಂಚಿನಲ್ಲಿ ನೀರು. ಎದೆ ಡವಗುಟ್ಟುವುದು ಅಂದರೇನು ಅಂತ ಮಕ್ಕಳಿಗೆ ವಿವರಿಸಲು ನಾನು ಪಟ್ಟ ಪಾಡೆಲ್ಲ ಆ ಒಂದು ಚಿತ್ರದ ಮುಂದೆ ಸುಮ್ನೆ.

ಈ ಸಿನಿಮಾ ಜಗತ್ತಿನಾದ್ಯಂತ 160 ಕೋಟಿ ಡಾಲರಿಗಿಂತ ಜಾಸ್ತಿ ಗಳಿಸಿತು. ಹರೆಯದ ಕಥೆ ಅಂದರೆ ಮನೆಮಂದಿ ಬರುವುದಿಲ್ಲ ಅನ್ನುವ ಭಯ ಇನ್ನು ಬೇಡ. ಆದರೂ ಒಂದು ಮಾತು ಹೇಳಲೇಬೇಕು. ಮನಸ್ಸಿನ ಗಲಾಟೆಯನ್ನು ಅಷ್ಟು ಆಳಕ್ಕೆ ಹೋಗಿ ತೋರಿಸಿದ ಸಿನಿಮಾ ಮೈಯ ಗಲಾಟೆಯನ್ನು ಒಂದೆರಡು ಜೋಕಿನಲ್ಲಿ ದಾಟಿಸಿಬಿಟ್ಟಿತು. ಬೆವರಿನ ವಾಸನೆ ಬಂತು, ನಕ್ಕೆವು, ಮುಂದೆ ಹೋದೆವು. ಅದಕ್ಕೂ ಎರಡು ವರ್ಷ ಹಿಂದಿನ 'ಟರ್ನಿಂಗ್ ರೆಡ್' ಜಗಳ ನಿಮ್ಮನ್ನು ಹೆದರಿಸಿತಾ? ನನಗೆ ಗೊತ್ತಿಲ್ಲ, ಅನುಮಾನವಂತೂ ಇದೆ.

ಹೆದರದೆ ಹೇಳುವುದು ಹೇಗೆ ಅಂತ ನಿಮ್ಮವರೇ ಬೇರೆ ಕಡೆ ತೋರಿಸಿದ್ದಾರೆ. 2022ರ 'ಬೇಮ್ಯಾಕ್ಸ್!' ಎಂಬ ಕಿರು ಸರಣಿಯ ಒಂದು ಕಂತಿನಲ್ಲಿ ಹನ್ನೆರಡರ ಹುಡುಗಿಗೆ ಶಾಲೆಯಲ್ಲೇ ಮೊದಲ ಮುಟ್ಟಾಗುತ್ತದೆ. ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಆರೈಕೆ ಮಾಡುವ ಆ ದಪ್ಪ ಬಿಳಿ ರೋಬೋ ಅಂಗಡಿಗೆ ಹೋಗಿ ಪ್ಯಾಡಿನ ಕಪಾಟಿನ ಮುಂದೆ ನಿಂತು, ಬಂದವರನ್ನೆಲ್ಲ ಯಾವುದು ಒಳ್ಳೆಯದು ಅಂತ ಕೇಳುತ್ತದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲವನ್ನೂ ಹೊತ್ತು ತರುತ್ತದೆ. ಹುಡುಗಿ ಹೆದರಿದ್ದಾಳೆ, ರೋಬೋ ಹೆದರಿಲ್ಲ. ಆ ಕಂತಿನ ಗುಟ್ಟು ಅಷ್ಟೇ. ಮಕ್ಕಳು ಮಾತಿಗಿಂತ ಮೊದಲು ದೊಡ್ಡವರ ಮುಖ ಓದುತ್ತಾರೆ. ಆ ಮುಖದಲ್ಲಿ ಗಾಬರಿ ಇಲ್ಲದಿದ್ದರೆ ಅರ್ಧ ಪಾಠ ಮುಗಿದ ಹಾಗೆ.

ಈಗ ವಿರೋಧಿಸುವ ಪೋಷಕರ ಮಾತಿಗೆ ಬರುತ್ತೇನೆ. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಐದು ವರ್ಷದ ಮಗುವನ್ನು ಕರೆದುಕೊಂಡು ನಗಲು ಬಂದಿದ್ದಾರೆ. ಕತ್ತಲಲ್ಲಿ ಮಗು ತಿರುಗಿ 'ಅಮ್ಮ, ಅದೇನು?' ಅಂತ ಗಟ್ಟಿಯಾಗಿ ಕೇಳುತ್ತದೆ. ಸುತ್ತ ನೂರು ಜನ. ಉತ್ತರ ಹೇಳುವ ತಯಾರಿ ಇಲ್ಲ. ಆ ಮುಜುಗರ ನಿಜ. ನಮ್ಮ ಮಗುವಿಗೆ ಯಾವಾಗ, ಹೇಗೆ ಹೇಳಬೇಕು ಅನ್ನುವುದನ್ನು ನಾವು ತೀರ್ಮಾನಿಸುತ್ತೇವೆ ಅನ್ನುವುದರಲ್ಲೂ ತಪ್ಪಿಲ್ಲ. ಆದರೆ ಈ ಪೋಷಕರು ಕೇಳುತ್ತಿರುವುದೇನು ಅಂತ ಕಿವಿಗೊಟ್ಟು ಕೇಳಿ. ಹೆಚ್ಚಿನವರು 'ಇಂಥ ಸಿನಿಮಾ ಮಾಡಬೇಡಿ' ಅನ್ನುತ್ತಿಲ್ಲ. 'ಮೊದಲೇ ಹೇಳಬಾರದಿತ್ತಾ' ಅನ್ನುತ್ತಿದ್ದಾರೆ.

ಹೇಳಿದರೆ ಮಕ್ಕಳು ದಾರಿ ತಪ್ಪುತ್ತಾರೆ ಅನ್ನುವವರೂ ಇದ್ದಾರೆ. ಅವರಿಗೆ ಚಿಕ್ಕ ಉತ್ತರ. ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಲೈಂಗಿಕ ಶಿಕ್ಷಣದ ಮಾರ್ಗದರ್ಶಿ ಮೈಯ ಬಗ್ಗೆ ವಯಸ್ಸಿಗೆ ತಕ್ಕ ಪಾಠವನ್ನು 5ರಿಂದ 8 ವರ್ಷದ ಮಕ್ಕಳಿಂದಲೇ ಶುರುಮಾಡುತ್ತದೆ. ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಅಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಸರ್ಟಿಫಿಕೇಟ್ ಮಂಡಳಿಯವರಿಗೆ ಈಗ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಟರ್ನಿಂಗ್ ರೆಡ್'ಗೆ ಅಮೆರಿಕದಲ್ಲಿ ಪಿಜಿ ಕೊಟ್ಟರು, ಅಂದರೆ ಪೋಷಕರ ಮಾರ್ಗದರ್ಶನ ಇರಲಿ ಅಂತ. ಕೊಟ್ಟದ್ದರಲ್ಲಿ ತಪ್ಪಿಲ್ಲ. ಕೊಟ್ಟ ಕಾರಣ ಓದಿ: ಕಥಾವಸ್ತು, ಸೂಚ್ಯ ಅಂಶಗಳು ಮತ್ತು ಭಾಷೆ. 'ಇನ್‌ಸೈಡ್ ಔಟ್ 2'ಕ್ಕೂ ಪಿಜಿ. ಕಾರಣ, ಕಥಾವಸ್ತುವಿನ ಕೆಲವು ಅಂಶಗಳು. ಯಾವ ಕಥಾವಸ್ತು? ಸಾವಾ? ವಿಚ್ಛೇದನವಾ? ಮುಟ್ಟಾ? ಆತಂಕದ ದಾಳಿಯಾ? ಔಷಧಿಯ ಡಬ್ಬಿ ಮೇಲೆ 'ಒಳಗೆ ಕೆಲವು ಪದಾರ್ಥಗಳಿವೆ' ಅಂತ ಬರೆದರೆ ಯಾರಾದರೂ ಒಪ್ಪುತ್ತೇವಾ? ಆ ತಾಯಿಗೆ ಬೇಕಿದ್ದದ್ದು ಒಂದು ನೇರ ಸಾಲು: 'ಹದಿಮೂರರ ಹುಡುಗಿಯ ಮುಟ್ಟಿನ ಪ್ರಸ್ತಾಪ, ಪ್ಯಾಡ್ ತೋರಿಸುವ ಹಾಸ್ಯದ ದೃಶ್ಯ.' ಇಷ್ಟು ಓದಿದರೆ ಒಬ್ಬಳು ಈ ವಾರ ಬೇಡ, ಮುಂದಿನ ವರ್ಷ ತೋರಿಸೋಣ ಅಂದುಕೊಳ್ಳುತ್ತಾಳೆ. ಇನ್ನೊಬ್ಬಳು ಇಂಥದ್ದಕ್ಕೇ ಕಾಯುತ್ತಿದ್ದೆ ಅಂತ ಟಿಕೆಟ್ ತೆಗೆಯುತ್ತಾಳೆ. ಇಬ್ಬರಿಗೂ ಉಪಕಾರ ಮಾಡಿದ ಹಾಗಾಯಿತು.

ಹಿಂಸೆ, ಸಂಭೋಗ, ಸಾವು, ಮುಟ್ಟು, ಎಲ್ಲವನ್ನೂ 'ಪ್ರಬುದ್ಧ ವಿಷಯ' ಎಂಬ ಒಂದೇ ಚೀಲಕ್ಕೆ ತುಂಬುವುದನ್ನು ದಯವಿಟ್ಟು ಬಿಡಿ. ಮೈಯ ಬೆಳವಣಿಗೆ ಬೇರೆ, ಲೈಂಗಿಕ ದೃಶ್ಯ ಬೇರೆ. ಮೊದಲನೆಯದು ಮಗುವಿಗೆ ಸೇರಿದ್ದು. ಎರಡನೆಯದು ಅಲ್ಲ. ಈ ಗೆರೆಯನ್ನು ಮಂಡಳಿಯೇ ಎಳೆಯದಿದ್ದರೆ ನೋಡುವವರು ಎಲ್ಲಿ ಎಳೆಯಬೇಕು?

ಈಗ ನನ್ನ ತಕರಾರು. ಇದು ಸ್ಟುಡಿಯೋದವರಿಗೆ. ಮಕ್ಕಳನ್ನು ಕರೆದುಕೊಂಡು ಬಂದ ದೊಡ್ಡವರಿಗೂ ಬೇಜಾರಾಗಬಾರದು ಅಂತ ನೀವು ನಡುನಡುವೆ ತೂರಿಸುವ ಎರಡರ್ಥದ ಜೋಕುಗಳಿವೆಯಲ್ಲ, ನನ್ನ ದೃಷ್ಟಿಯಲ್ಲಿ ನಿಜವಾದ ಕೊಳಕು ಅದು. ಥಿಯೇಟರಿನಲ್ಲಿ ದೊಡ್ಡವರೆಲ್ಲ ಒಟ್ಟಿಗೆ ನಗುತ್ತಾರೆ. ಮಗು ಪೆಚ್ಚಾಗಿ ಅಕ್ಕಪಕ್ಕ ನೋಡುತ್ತದೆ. ಕೇಳಿದರೆ 'ಏನಿಲ್ಲ, ಸಿನಿಮಾ ನೋಡು' ಅನ್ನುವ ಉತ್ತರ. ಮೈಯ ವಿಷಯ ಅಂದರೆ ದೊಡ್ಡವರು ಬಾಯಿ ಮುಚ್ಚಿ ನಗುವಂಥದ್ದು ಅಂತ ಆ ಮಗು ಅಲ್ಲೇ ಕಲಿತುಬಿಟ್ಟಿತು. ಆಶ್ಚರ್ಯ ಏನು ಗೊತ್ತಾ? ಇಂಥ ಜೋಕುಗಳು ಎಷ್ಟೋ ಸಿನಿಮಾಗಳಲ್ಲಿ ಸದ್ದಿಲ್ಲದೆ ದಾಟಿಹೋಗುತ್ತವೆ. ಮಗುವಿಗೇ ನೇರವಾಗಿ, ಮರ್ಯಾದೆಯಿಂದ ಹೇಳಿದ ಮಾತಿಗೆ ಮಾತ್ರ ಜಗಳ. ಮಗುವಿನ ತಲೆಯ ಮೇಲಿಂದ ದೊಡ್ಡವರ ಜೊತೆ ಕಣ್ಣು ಹೊಡೆಯುವುದನ್ನು ನಿಲ್ಲಿಸಿ. ಹೇಳುವುದಿದ್ದರೆ ಮಗುವಿಗೇ ಹೇಳಿ.

ಇನ್ನೊಂದು, ಎಲ್ಲ ಸಿನಿಮಾದಲ್ಲೂ ಇದು ಬೇಕಿಲ್ಲ. ಕಾಣೆಯಾದ ನಾಯಿಮರಿಯ ಕಥೆಯಲ್ಲಿ ಹರೆಯದ ಪಾಠ ತುರುಕಿದರೆ ಅದು ಕಥೆಯೂ ಅಲ್ಲ, ಪಾಠವೂ ಅಲ್ಲ. ಪಾಠ ಮಾಡಲು ನಾವಿದ್ದೇವೆ. ಪಾಠದಲ್ಲಿ ಸಿಗದ್ದು ನಿಮ್ಮಲ್ಲಿ ಸಿಗಬೇಕು: ಬೇರೊಬ್ಬಳಿಗೂ ಹೀಗೇ ಆಯಿತಂತೆ, ಅವಳೂ ಬಾತ್‌ರೂಮಿನಲ್ಲಿ ಅತ್ತಳಂತೆ, ಮಾರನೇ ದಿನ ಶಾಲೆಗೂ ಹೋದಳಂತೆ ಅನ್ನುವ ಸಮಾಧಾನ.

ಕೊನೆಗೆ ಹುಡುಗರ ಪರವಾಗಿ. ಈವರೆಗೆ ಹೇಳಿದ್ದರಲ್ಲಿ ಹರೆಯ ಬಂದದ್ದೆಲ್ಲ ಹುಡುಗಿಯರಿಗೆ, ಗಮನಿಸಿದಿರಾ? ಹುಡುಗನಿಗೆ ದನಿ ಒಡೆಯುವ, ನಿದ್ದೆಯಲ್ಲಿ ವೀರ್ಯ ಹೋಗಿ ಬೆಳಿಗ್ಗೆ ಹಾಸಿಗೆ ಬಟ್ಟೆ ಬಚ್ಚಿಡುವ, ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಉಳಿದು ಒಳಗೇ ಕೊರಗುವ ಕಥೆಯನ್ನು ಹೀಗೆ ನೇರವಾಗಿ ಹೇಳಿದ ದೊಡ್ಡ ಅನಿಮೇಷನ್ ಸಿನಿಮಾ ನಾನಂತೂ ನೋಡಿಲ್ಲ. ನಿಮ್ಮ ಗಂಡು ಹೀರೋಗೆ ಬೆಳೆಯುವುದು ಅಂದರೆ ಕತ್ತಿ ಹಿಡಿಯುವುದು, ರಾಜ್ಯ ವಾಪಸ್ ಪಡೆಯುವುದು.

ಹುಡುಗರ ದನಿ ಒಡೆಯುವುದು ನಿಮಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಒಂದು ಅನಿಮೇಷನ್ ಸಿನಿಮಾ ಮಾಡಲು ನಿಮಗೆ ವರ್ಷಗಳೇ ಬೇಕು. ಅಷ್ಟರಲ್ಲಿ ದನಿ ಕೊಡುವ ಹುಡುಗನ ಗಂಟಲು ಎಲ್ಲಿ ಬದಲಾಗಿಬಿಡುತ್ತದೋ ಅಂತ ರೆಕಾರ್ಡಿಂಗ್ ರೂಮಿನಲ್ಲಿ ಲೆಕ್ಕ ಹಾಕುವವರು ನೀವೇ. ನೀಮೋನ ಮುಂದಿನ ಕಥೆ 'ಫೈಂಡಿಂಗ್ ಡೋರಿ' ಬಂದದ್ದು ಹದಿಮೂರು ವರ್ಷ ಬಿಟ್ಟು, 2016ರಲ್ಲಿ. ಕಥೆಯೊಳಗೆ ಕಳೆದದ್ದು ಒಂದೇ ವರ್ಷ. ಪುಟ್ಟ ಮೀನು ಪುಟ್ಟದಾಗೇ ಇದೆ, ಅದಕ್ಕೆ ದನಿ ಕೊಟ್ಟ ಹುಡುಗ ಗಂಡಸಾಗಿದ್ದ. ಇನ್ನೊಬ್ಬ ಹುಡುಗನನ್ನು ಹುಡುಕಿ ತಂದಿರಿ. ದನಿ ಒಡೆದ ಹುಡುಗನಿಗೆ ನಿಮ್ಮ ರೆಕಾರ್ಡಿಂಗ್ ರೂಮಿನಲ್ಲೂ ಜಾಗವಿಲ್ಲ, ಪರದೆಯ ಮೇಲೂ ಇಲ್ಲ.

ಒಂದು ಸಲ ಅವನನ್ನೇ ಇಟ್ಟುಕೊಂಡು ಸಿನಿಮಾ ಮಾಡಿ ನೋಡಿ. ಶುರುವಿನಲ್ಲಿ ಎಳೆ ದನಿ, ನಡುವೆ ಕೀಚಲು, ಕೊನೆಗೆ ದಪ್ಪ. ರೆಕಾರ್ಡಿಂಗ್ ಎರಡು ಮೂರು ವರ್ಷ ಎಳೆದರೆ ಎಳೆಯಲಿ, ಈ ಕಥೆಗೆ ಅದರಿಂದ ಲಾಭವೇ. ಹಾಡು ಹೇಳುವಾಗ ಅವನ ದನಿ ಕೈಕೊಡಲಿ, ಕ್ಲಾಸು ನಗಲಿ, ಒಬ್ಬ ಗೆಳೆಯ ಮಾತ್ರ ನಗದೆ ಕೂರಲಿ. ಟ್ರೈಲರಿನಲ್ಲೇ ಅದನ್ನು ತೋರಿಸಿ, ಬಚ್ಚಿಡಬೇಡಿ. ಪ್ರೀಮಿಯರ್‌ಗೆ ನನ್ನನ್ನು ಕರೆಯದಿದ್ದರೂ ಪರವಾಗಿಲ್ಲ. ಬಿಡುಗಡೆಯ ದಿನ ಮಾತ್ರ ಮೊದಲೇ ತಿಳಿಸಿ. ಹುಡುಗರು, ಹುಡುಗಿಯರು ಎಲ್ಲರನ್ನೂ ಒಟ್ಟಿಗೇ ಕರೆದುಕೊಂಡು ಹೋಗಬೇಕು, ಅಪ್ಪ ಅಮ್ಮಂದಿರ ಒಪ್ಪಿಗೆ ಪತ್ರಕ್ಕೆ ಸ್ವಲ್ಪ ಸಮಯ ಬೇಕಾಗುತ್ತದೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ